ದಿನಕ್ಕೊಂದು ಫೋಟೋ: ಮಲ್ಲಿಗೆ, ಟಾಂಗಾ ಮತ್ತು ಲೆನ್ಸ್ ಆಚೆ ಬಂದಿದ್ದರ ದಂಡ

ಮಾರ್ಕೆಟ್ ಗಲಾಟೆಯಲ್ಲಿ ನನ್ನ ದನಿ ಒಂದಕ್ಷರ ಕೇಳಿಸುತ್ತಿಲ್ಲ. ಅದಕ್ಕೇ ಮನೆಗೆ ಬಂದು ಈ ವಿಡಿಯೋಗೆ ಮಾತು ಸೇರಿಸುತ್ತಿದ್ದೇನೆ. ಹಿಂದೆ ಮಿಕ್ಸಿ ಸದ್ದು ಬಂದರೆ ಅದು ಅಮ್ಮ, ನಾನೇನೂ ಮಾಡೋಕಾಗಲ್ಲ.

ಇದು ಮೈಸೂರಿನ ದೇವರಾಜ ಮಾರ್ಕೆಟ್, ಹೂವಿನ ಸಾಲು. ಭಾನುವಾರ ಬೆಳಗ್ಗೆ. ಫೋನ್ ಹಿಡಿದಿರುವುದು ನನ್ನ ತಮ್ಮ. ಇಷ್ಟು ಬೇಗ ಎದ್ದಿದ್ದಕ್ಕೆ ಮೈಲಾರಿ ದೋಸೆ ಕೊಡಿಸಬೇಕು ಅಂತ ಮೊದಲೇ ಮಾತಾಗಿದೆ.

ಹೊಸದಾಗಿ ನೋಡುತ್ತಿರುವವರಿಗೆ ಒಂದು ಮಾತು. ದಿನಕ್ಕೊಂದು ಫೋಟೋ ಅಂದರೆ ದಿನಕ್ಕೆ ಒಂದೇ ಕ್ಲಿಕ್ ಅಲ್ಲ. ಎಷ್ಟು ಬೇಕಾದರೂ ತೆಗೆಯಬಹುದು. ರಾತ್ರಿ ಮಲಗುವ ಮುಂಚೆ ಒಂದನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಅಳಿಸಬೇಕು, ಅಷ್ಟೇ. ತೆಗೆಯೋದರಲ್ಲಿ ಏನಿದೆ, ಅಳಿಸೋದೇ ಕಷ್ಟ. ಇದು ಯಾಕೆ ಉಳಿಯಬೇಕು, ಅದು ಯಾಕೆ ಹೋಗಬೇಕು ಅಂತ ದಿನಾ ರಾತ್ರಿ ನಮಗೆ ನಾವೇ ಉತ್ತರ ಹೇಳಿಕೊಳ್ಳಬೇಕಲ್ಲ, ನಾನು ಕಲಿತದ್ದು ಜಾಸ್ತಿ ಅಲ್ಲೇ. ಕ್ಯಾಮೆರಾ ಸೆಕೆಂಡ್ ಹ್ಯಾಂಡ್, 18,000 ರೂಪಾಯಿ. ಲೆನ್ಸ್ ಒಂದೇ, 50 ಎಂಎಂ. ಒಂದು ಲೆನ್ಸ್ ಧಾರಾಳವಾಗಿ ಸಾಕು. ಲೆನ್ಸ್ ಗುಡ್ಡೆ ಹಾಕಿಕೊಳ್ಳುವವರು ಫೋಟೋ ತೆಗೆಯಲ್ಲ, ಲೆನ್ಸ್ ಒರೆಸುತ್ತಾ ಕೂರುತ್ತಾರೆ.

ಈಗ ಈ ಫ್ರೇಮ್ ನೋಡಿ. ಮೇ ತಿಂಗಳು, ಮೈಸೂರು ಮಲ್ಲಿಗೆ ಬುಟ್ಟಿ ತುಂಬಾ. ಕಣ್ಣಿಗೆ ಬೆಳ್ಳಗಿದೆ, ಫೋಟೋದಲ್ಲಿ ಮಾತ್ರ ನಿನ್ನೆ ಮುಡಿದು ತೆಗೆದಿಟ್ಟ ಹೂವಿನ ಹಾಗಿದೆ. ಕ್ಯಾಮೆರಾ ಕೆಟ್ಟಿಲ್ಲ. ಅದರ ಮೀಟರ್‌ಗೆ ಮಲ್ಲಿಗೆ ಯಾವುದು, ಮಸಿ ಯಾವುದು ಅಂತ ಗೊತ್ತಾಗಲ್ಲ. ಎದುರಿಗೆ ಏನೇ ಇರಲಿ, ಒಟ್ಟು ಸೇರಿ ನಡುವಿನ ಬೂದು ಬರುವ ಹಾಗೆ ಬೆಳಕು ಲೆಕ್ಕ ಹಾಕುತ್ತದೆ. ಫ್ರೇಮ್ ತುಂಬಾ ಬಿಳಿಯಿದ್ದರೆ ಬೆಳಕು ಜಾಸ್ತಿಯಾಯ್ತು ಅಂದುಕೊಂಡು ತಗ್ಗಿಸಿಬಿಡುತ್ತದೆ. ಕರೀ ಎಮ್ಮೆ ಇದ್ದರೆ ಉಲ್ಟಾ, ಎಮ್ಮೆಯನ್ನೂ ಬೂದು ಮಾಡುತ್ತದೆ. ಅದಕ್ಕೇ ಪ್ಲಸ್ ಮೈನಸ್ ಗುರುತಿನ ಬಟನ್ ಕೊಟ್ಟಿರುವುದು. ಪ್ಲಸ್ ಒಂದು ಅಂದರೆ ಬೆಳಕು ಎರಡು ಪಟ್ಟು. ಮಲ್ಲಿಗೆಗೆ ಒಂದು ಸಾಕು, ಕೆಲವೊಮ್ಮೆ ಒಂದೂವರೆ. ಎರಡಕ್ಕೆ ಹೋದರೆ ಎಸಳೇ ಕಾಣಲ್ಲ, ಬರೀ ಬಿಳಿ ತೇಪೆ.

ಅಂದಹಾಗೆ ನಾನು ಎಂ ಮೋಡ್, ಅಂದರೆ ಎಲ್ಲವನ್ನೂ ಕೈಯಾರೆ ಹೊಂದಿಸುವ ಮ್ಯಾನುವಲ್, ಇಟ್ಟಿಲ್ಲ. ಆ್ಯಪರ್ಚರ್, ಅಂದರೆ ಲೆನ್ಸಿನ ಕಂಡಿ ಎಷ್ಟು ತೆರೆಯಬೇಕು ಅನ್ನೋದು, ನಾನು ಹೇಳುತ್ತೇನೆ, ಉಳಿದದ್ದು ಕ್ಯಾಮೆರಾ ನೋಡಿಕೊಳ್ಳುತ್ತದೆ. ಮ್ಯಾನುವಲ್‌ನಲ್ಲಿ ತೆಗೆಯದವರು ಫೋಟೋಗ್ರಾಫರೇ ಅಲ್ಲ ಅನ್ನುವವರು ಇರುತ್ತಾರೆ. ಸುಮ್ನೆ ಜಂಬ. ಅವರು ಡಯಲ್ ತಿರುಗಿಸಿ ಮುಗಿಸುವ ಹೊತ್ತಿಗೆ ಹೂವೇ ಖರ್ಚಾಗಿರುತ್ತದೆ.

ಇಲ್ಲಿ ಅಜ್ಜಿ ಕೇಳುತ್ತಿರುವುದು ಏನು ಗೊತ್ತಾ? "ಏನವ್ವಾ, ಬರೀ ಫೋಟೋನೇನಾ, ಹೂ ಬ್ಯಾಡ್ವಾ?" ಎರಡು ಮೊಳ ತಗೊಂಡೆ. ಅವರು ಮೊಳ ಹಾಕುವ ಕೈ ನೋಡಿ. ಬೆರಳ ತುದಿಯಿಂದ ಮೊಣಕೈಗೆ ಸರ್ ಅಂತ ಹೋಗುತ್ತದೆ. ಆ ಕೈ ನನಗೆ ಅಲುಗಾಡದೆ ಬೇಕಿತ್ತು. ಶಟರ್ ಸೆಕೆಂಡಿನ 1/500 ಬರುವ ಹಾಗೆ ಐಎಸ್‌ಓ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಚುರುಕು ಅನ್ನೋದನ್ನ, ಏರಿಸಿದೆ. ಕೈ ನಿಂತಿತು, ಆದರೆ ಫೋಟೋ ತುಂಬಾ ಅಡ್ಡಡ್ಡ ಪಟ್ಟೆ. ಕಾಣುತ್ತಿದೆಯಾ? ಇದು ಮೇಲೆ ನೇತಾಡುತ್ತಿರುವ ಆ ಎಲ್‌ಇಡಿ ಬಲ್ಬಿನ ಕೆಲಸ. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು, ಸುತ್ತಿಗೆ ಎರಡು ಸಲದಂತೆ ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗಲ್ಲ. ಶಟರ್ ಮಾತ್ರ ಆ ವೇಗದಲ್ಲಿ ಒಂದು ಸಣ್ಣ ಸೀಳಾಗಿ ಸೆನ್ಸರ್ ಮೇಲೆ ಹಾಯುತ್ತದೆ. ಬಲ್ಬು ಮಂಕಾದಾಗ ಹಾದ ಜಾಗ ಕಪ್ಪು, ಪೂರ್ತಿ ಉರಿದಾಗ ಹಾದ ಜಾಗ ಬೆಳಕು. 1/100 ಅಥವಾ 1/50 ಇಟ್ಟರೆ ಇಡೀ ಮಿನುಗು ಒಳಗೆ ಬಂದು ಪಟ್ಟೆ ಹೋಗುತ್ತದೆ. ಆದರೆ ಆಗ ಕೈ ಕದಡುತ್ತದೆ.

ಇದಕ್ಕೆ ದಾರಿ ತೋರಿಸಿದ್ದು ಅಜ್ಜಿಯ ಕೈಯೇ. ಮೊಳದ ಕೊನೆಯಲ್ಲಿ, ಮೊಣಕೈ ಮುಟ್ಟಿ ತಿರುಗುವಾಗ, ಆ ಕೈ ಒಂದು ಚೂರು ನಿಲ್ಲುತ್ತದೆ. ಹೂವಿನ ದಾರ ಬಿಗಿಯಾಗಿ, ಹೆಬ್ಬೆರಳು ಗಂಟಿನ ಮೇಲೆ. ಆಗ 1/100 ಸಾಕು. ಉಯ್ಯಾಲೆ, ಗಂಟೆ ಹೊಡೆಯುವ ಪೂಜಾರಿ, ಎಲ್ಲದರಲ್ಲೂ ಹೀಗೆ ತಿರುಗುವ ಒಂದು ಕ್ಷಣ ಇರುತ್ತದೆ. ಅದಕ್ಕೆ ಕಾಯಬೇಕು.

ಕಾಯೋದು ಅಂದಾಗ ಟಿ.ಎಸ್. ಸತ್ಯನ್ ನೆನಪಾಗುತ್ತಾರೆ. ನಮ್ಮೂರಿನವರೇ, 1923ರಲ್ಲಿ ಹುಟ್ಟಿದವರು. ಪದ್ಮಶ್ರೀ ಬಂದ ಫೋಟೋ ಪತ್ರಕರ್ತರು. ಕಪ್ಪು ಬಿಳುಪಿನಲ್ಲಿ ಮಕ್ಕಳು, ಬೀದಿ, ಸಾಮಾನ್ಯ ಜನರ ಮುಖ. ಅವರು ಕೆಲಸ ಶುರು ಮಾಡಿದ ಕಾಲದಲ್ಲಿ ಕ್ಯಾಮೆರಾ ಹಿಂದೆ ನೋಡೋಕೆ ಸ್ಕ್ರೀನ್ ಎಲ್ಲಿತ್ತು? 35 ಎಂಎಂ ರೋಲಿನಲ್ಲಿ 36 ಫ್ರೇಮ್, ಚೌಕದ ದೊಡ್ಡ ಫಿಲ್ಮಿನಲ್ಲಿ ಬರೀ 12. ಪಟ್ಟೆ ಬಂತಾ, ಕೈ ಕದಡಿತಾ ಅನ್ನೋದು ತೊಳೆದ ಮೇಲೇ ಗೊತ್ತು. ಒಂದು ವಾರ ನನ್ನ ಸ್ಕ್ರೀನ್‌ಗೆ ಕಾಗದ ಅಂಟಿಸಿ ನೋಡಬೇಕು ಅಂತ ಆಸೆಯಿದೆ. ಅಂಟಿಸಲ್ಲ ಬಿಡಿ, ನನ್ನ ಬುದ್ಧಿ ನನಗೆ ಗೊತ್ತು. ಅಯ್ಯೋ, ಶಾಟ್ ಮುಗಿಯಿತು, ದೋಸೆ ಬಂತು. ತಮ್ಮನ ಬೆಣ್ಣೆ ನೋಡಿ. ಮುಂದಕ್ಕೆ ಹೋಗೋಣ.

ಈಗ ಬರುವುದು ನನ್ನ ಹೊಟ್ಟೆ ಉರಿಸಿದ ಭಾಗ. ಒಂದು ಜಾಗಕ್ಕೆ ಹೋದೆವು. ಹೆಸರು ಹೇಳಲ್ಲ. ಮರ ಇದೆ, ಕೊಳ ಇದೆ, ಹಳೆಯ ಕಟ್ಟಡ ಇದೆ. ಬೋರ್ಡಿನಲ್ಲಿ ಪ್ರವೇಶ 30 ರೂಪಾಯಿ, ಮೊಬೈಲ್ ಉಚಿತ, ಕ್ಯಾಮೆರಾ 300. ಟಿಕೆಟ್ ಕೊಡುವ ಅಣ್ಣನ ಜೊತೆ ನಡೆದ ಮಾತು ಹೀಗಿದೆ.

"ಇದಕ್ಕೆ ಟಿಕೆಟ್ ಆಗುತ್ತೆ ಮೇಡಂ."

"ಅವನ ಫೋನೂ ಕ್ಯಾಮೆರಾನೇ ಅಲ್ವಾ ಅಣ್ಣಾ?"

"ಅದು ಫೋನು."

"ಅದರಲ್ಲಿ ಮೂರು ಕ್ಯಾಮೆರಾ ಇದೆ. ಇದರಲ್ಲಿ ಒಂದೇ."

"ಲೆನ್ಸ್ ಆಚೆ ಬಂದಿದ್ರೆ ಟಿಕೆಟ್ ಮೇಡಂ."

ಲೆನ್ಸ್ ಆಚೆ ಬಂದಿದ್ದರೆ! ತಮ್ಮನ ಫೋನಿನ ಬೆಲೆ 85,000. ಅದರಲ್ಲಿ ನನ್ನ ಕ್ಯಾಮೆರಾ ನಾಲ್ಕು ಬರುತ್ತದೆ, ಚಿಲ್ಲರೆಗೆ ಟ್ರೈಪಾಡೂ ಬರುತ್ತದೆ. ಅವನು ಇಡೀ ದಿನ ಫೋರ್ ಕೆ ವಿಡಿಯೋ ತೆಗೆಯುತ್ತಾನೆ, ಪುಕ್ಕಟೆ. ನಾನು ಒಂದು ಎಲೆ ತೆಗೆಯೋಕೆ 300 ಕೊಡಬೇಕು. ಹೊರಗೆ ತೆಗೆಯಲ್ಲ, ಬ್ಯಾಗಿನಲ್ಲೇ ಇರಲಿ ಅಂದೆ. "ಬ್ಯಾಗಲ್ಲಿದ್ರೂ ಟಿಕೆಟ್." ಆ ಅಣ್ಣನದು ತಪ್ಪಿಲ್ಲ, ಸಂಜೆ ಲೆಕ್ಕ ಒಪ್ಪಿಸಬೇಕು ಪಾಪ. ಬೇಕಾದರೆ ನನ್ನ ರೂಮಿನಲ್ಲಿ ಇಟ್ಟು ಹೋಗಿ ಅಂದರು. ಊಟದ ಡಬ್ಬಿ ಪಕ್ಕ ಜಾಗವನ್ನೂ ಮಾಡಿಕೊಟ್ಟರು.

ನಿಯಮ ಯಾಕೆ ಬಂದಿರಬಹುದು ಅಂತ ಊಹಿಸಬಹುದು. ದೊಡ್ಡ ಕ್ಯಾಮೆರಾ ಅಂದರೆ ಶೂಟಿಂಗ್, ಶೂಟಿಂಗ್ ಅಂದರೆ ದುಡ್ಡು. ಸರಿ. ಆದರೆ ಒಳಗೆ ಹೋದರೆ ಏನು ಕಂಡಿತು? ಮದುವೆಗೆ ಮುಂಚಿನ ಶೂಟ್. ಹುಡುಗಿಗೆ ಮೂರನೇ ಸೀರೆ, ಇಬ್ಬರ ಕೈಯಲ್ಲಿ ರಿಫ್ಲೆಕ್ಟರ್, ಒಬ್ಬ ಹೊಗೆ ಬಿಡುತ್ತಿದ್ದಾನೆ. ಎಲ್ಲ ಫೋನಿನಲ್ಲಿ. ಲೆನ್ಸ್ ಆಚೆ ಬಂದಿಲ್ಲವಲ್ಲ! ಇಂಥ ಜಾಗಕ್ಕೆ ದಿನಾ ಹೋದರೆ ತಿಂಗಳಿಗೆ 9,000. ಎರಡೇ ತಿಂಗಳಲ್ಲಿ ಇನ್ನೊಂದು ಕ್ಯಾಮೆರಾ ತಗೋಬಹುದು. ಕಾಸು ಬೇಕಿದ್ದರೆ ಎಲ್ಲರ ಹತ್ತಿರ 10 ರೂಪಾಯಿ ಜಾಸ್ತಿ ತಗೊಳ್ಳಿ, ನಾನು ಬೇಡ ಅನ್ನಲ್ಲ.

ಆದರೂ ಟಿಕೆಟ್ ತಗೊಂಡೆ. ಹಟ. ಒಳಗೆ ನಡು ಮಧ್ಯಾಹ್ನದ ಬಿಸಿಲು, ಮುಖದ ಮೇಲೆಲ್ಲ ಕಪ್ಪು ನೆರಳು, ಒಂದೂ ಚೆಂದ ಬರಲಿಲ್ಲ. 300 ರೂಪಾಯಿಗೆ ಸಿಕ್ಕಿದ್ದು ಒಂದು ಪಾಠ. ಮೀಟರ್ ನೋಡದೆ ಬೆಳಕು ಹೇಳುವ ಹಳೆಯ ಲೆಕ್ಕ ಒಂದಿದೆ. ಮೋಡ ಇಲ್ಲದ ಬಿಸಿಲಿಗೆ ಆ್ಯಪರ್ಚರ್ ಎಫ್ 16 ಇಡಿ. ಐಎಸ್‌ಓ 100 ಇದ್ದರೆ ಶಟರ್ 1/100, 200 ಇದ್ದರೆ 1/200. ಇಟ್ಟು ನೋಡಿದೆ, ಈ ಕಲ್ಲಿನ ಕಂಬ ಸರಿಯಾಗಿ ಬಂದಿದೆ. ಇದು ಫಿಲ್ಮ್ ಕಾಲದವರ ಬಾಯಿಪಾಠ. ಈಗ ಯಾರಿಗೂ ಬೇಡ, ನನಗೆ ಇಷ್ಟ.

ಸಂಜೆ, ಕೆ.ಆರ್. ಸರ್ಕಲ್. ಪ್ಯಾನಿಂಗ್. ಅಂದರೆ ಓಡುವ ವಸ್ತುವಿನ ಜೊತೆ ಕ್ಯಾಮೆರಾವನ್ನೂ ತಿರುಗಿಸುತ್ತಾ ನಿಧಾನ ಶಟರ್‌ನಲ್ಲಿ ತೆಗೆಯೋದು. ವಸ್ತು ನಿಲ್ಲುತ್ತದೆ, ಹಿಂದಿನದ್ದು ಗೀರಾಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಇದು ಆಗಲ್ಲ. ಎಫ್ 16ಕ್ಕೇ 1/100 ಬೇಕು ಅಂದೆನಲ್ಲ, 1/15 ಇಟ್ಟರೆ ಪೂರ್ತಿ ಬೆಳ್ಳಗೆ ಹೊಡೆದುಹೋಗುತ್ತದೆ. ಸೂರ್ಯ ಕಟ್ಟಡದ ಹಿಂದೆ ಹೋದ ಮೇಲೆ ಆರಾಮ.

ಆಟೋಗಳನ್ನು ಹಿಡಿದೆ, ಸುಮಾರಾಗಿ ಬಂತು. ಆಮೇಲೆ ಟಾಂಗಾ ಬಂತು. 1/60ರಲ್ಲಿ ಟಾಂಗಾ ಸ್ಟ್ಯಾಂಡಿನಲ್ಲಿ ನಿಂತಂತೆ ಕಾಣುತ್ತದೆ, ಅದರ ವೇಗ ಅಷ್ಟೇ. 1/30ರಲ್ಲಿ ಸ್ವಲ್ಪ ಜೀವ. 1/15ಕ್ಕೆ ಇಳಿಸಿದಾಗ ನೋಡಿ ಹೇಗಿದೆ! ಕಾಲು ಊರಿ ನಿಲ್ಲಬೇಕು, ಸೊಂಟದಿಂದ ತಿರುಗಬೇಕು, ಕ್ಲಿಕ್ ಆದ ಮೇಲೂ ನಿಲ್ಲಿಸಬಾರದು. ಪಕ್ಕದಲ್ಲಿ ನಿಂತ ಕಡಲೆಕಾಯಿಯವರು ನನ್ನನ್ನೇ ನೋಡುತ್ತಿದ್ದರು. ಏನಾಯ್ತಮ್ಮಾ, ಸೊಂಟ ನೋವಾ ಅಂತ ಕೇಳಿಯೂ ಬಿಟ್ಟರು.

ಅರಮನೆ ದೀಪಕ್ಕೆ ಬೇಗ ಬೇಗ ಹೋಗೋಣ. ಭಾನುವಾರ ಸಂಜೆ ಏಳಕ್ಕೆ ಹಾಕುತ್ತಾರೆ, ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಬೇಸಿಗೆಯಲ್ಲಿ ಬಂದರೆ ಒಂದು ಲಾಭವಿದೆ. ಏಳಕ್ಕೆ ಆಕಾಶದಲ್ಲಿ ಇನ್ನೂ ನೀಲಿ ಇರುತ್ತದೆ. ಡಿಸೆಂಬರಿನಲ್ಲಿ ಅಷ್ಟೊತ್ತಿಗೆ ಕತ್ತಲೆ, ಅರಮನೆಯ ಹಿಂದೆ ಕಪ್ಪು ಬಟ್ಟೆ ಕಟ್ಟಿದಂತಾಗುತ್ತದೆ. ಗೋಡೆ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಕ್ಯಾಮೆರಾ, ಎರಡು ಸೆಕೆಂಡ್ ಟೈಮರ್. ಎಫ್ 8, ಐಎಸ್‌ಓ 100, ಶಟರ್ ಒಂದು ಸೆಕೆಂಡ್. ಹೌದು, ಎಂ ಮೋಡ್. ಇಲ್ಲಿ ಅದೇ ಸರಿ. ಆಕಾಶ ಎಷ್ಟು ಬಂತು, ಬಲ್ಬು ಎಷ್ಟು ಬಂತು ಅನ್ನೋದರ ಮೇಲೆ ಮೀಟರ್ ಒಂದೊಂದು ಫ್ರೇಮಿಗೆ ಒಂದೊಂದು ಹೇಳುತ್ತದೆ. ಜಂಬದವರು ಹೇಳೋದರಲ್ಲೂ ಸ್ವಲ್ಪ ಅರ್ಥ ಇದೆ, ಇರಲಿ.

ಆದರೆ ಅರ್ಧ ಅರಮನೆ ಫ್ರೇಮಿನ ಆಚೆ ಉಳಿಯಿತು. 50 ಎಂಎಂಗೆ ಹಿಡಿಸಲ್ಲ. ಈಗ ನೀವು ನೋಡುತ್ತಿರುವ ಪೂರ್ತಿ ಅರಮನೆ ತಮ್ಮನ ಫೋನಿನದು, ಅವನು ಇದನ್ನು ಇನ್ನೊಂದು ವರ್ಷ ಹೇಳುತ್ತಾನೆ.

ಇವತ್ತು ಉಳಿದಿರುವುದು ಟಾಂಗಾ. ಕುದುರೆಯ ಕಣ್ಣು, ಲಗಾಮಿನ ಹಿತ್ತಾಳೆ ಗುಂಡಿ ಸ್ಪಷ್ಟ. ಕಾಲುಗಳು ಕದಡಿವೆ. ಹಿಂದೆ ಬಸ್ಸೊಂದು ಉದ್ದ ಗೀರು. ಉಳಿದದ್ದೆಲ್ಲ ಅಳಿಸಿದೆ, 300 ರೂಪಾಯಿಯ ಕಂಬವೂ ಹೋಯಿತು. ಇನ್ನೊಂದು ವಿಷಯ. ಯಾರ ಹತ್ತಿರವಾದರೂ ಅಗಲಕ್ಕೆ ಹಿಡಿಸುವ ಹಳೆಯ ವೈಡ್ ಲೆನ್ಸ್ ಮಾರೋಕಿದ್ದರೆ ಕೆಳಗೆ ಬರೆಯಿರಿ. 10,000ದ ಒಳಗೆ ಇರಲಿ, ಒಳಗೆ ಫಂಗಸ್ ಇರಬಾರದು, ಮೈಸೂರಿಗೆ ತಂದು ತೋರಿಸುವವರಾದರೆ ಇನ್ನೂ ಒಳ್ಳೆಯದು.