ನಾಡದೋಣಿಯಲ್ಲಿ ಮೊಬೈಲ್: ಎಲ್ಲಿಯವರೆಗೆ ನಂಬಬಹುದು?

ನಮಸ್ಕಾರ. ಇವತ್ತಿನ ಮಾತು ನಾಡದೋಣಿಯವರಿಗೆ, ಜೊತೆಗೆ ದಡದಲ್ಲಿ ಕಾಯುವ ಅವರ ಮನೆಯವರಿಗೆ. ಮಂಗಳೂರಿನಿಂದ ಕಾರವಾರದವರೆಗೆ ಔಟ್‌ಬೋರ್ಡ್ ಎಂಜಿನ್ ಕಟ್ಟಿಕೊಂಡು ಕಡಲಿಗಿಳಿಯುವ ಬಹಳಷ್ಟು ದೋಣಿಗಳಲ್ಲಿ ಸಂಪರ್ಕ ಅಂದರೆ ಮೊಬೈಲ್ ಒಂದೇ. ದಕ್ಕೆಯಲ್ಲಿ ಮೀನಿನ ದರ ಕೇಳುವುದಕ್ಕೆ ಅದು, ಗಾಳಿ ಮಳೆ ನೋಡುವುದಕ್ಕೆ ಅದು, ಅಪಾಯ ಬಂದರೆ ಕೂಗುವುದಕ್ಕೂ ಅದೇ. ಮೊದಲ ಎರಡಕ್ಕೆ ನನ್ನ ತಕರಾರಿಲ್ಲ. ಮೂರನೆಯದಕ್ಕೆ ಇದೆ.

ಕಡಲಲ್ಲಿ ದೋಣಿ ಮಗುಚಿದರೆ ಮೊದಲು ಬಂದು ಎತ್ತುವವರು ಹತ್ತಿರ ಇರುವ ಇನ್ನೊಂದು ದೋಣಿಯವರು. ಅವರ ನಂಬರು ನಿಮ್ಮ ಹತ್ತಿರ ಇರುತ್ತದೆಯೇ? ಇದ್ದರೂ ಅವರ ಫೋನಿಗೆ ಆ ಹೊತ್ತಿಗೆ ನೆಟ್‌ವರ್ಕ್ ಇರುತ್ತದೆಯೇ? ಫೋನ್ ಒಬ್ಬರನ್ನು ಮಾತ್ರ ಕರೆಯುತ್ತದೆ. ದೋಣಿಯಿಂದ ದೋಣಿಗೆ ಮಾತಾಡುವ ವಿಎಚ್‌ಎಫ್ ರೇಡಿಯೊದಲ್ಲಿ ಆಪತ್ತಿನ ಕರೆಗೆಂದೇ ಇರುವ 16ನೇ ಚಾನೆಲ್ ಒತ್ತಿ ಮಾತಾಡಿದರೆ ಸುತ್ತಲಿನ ಹತ್ತು ಹದಿನೈದು ಕಿ.ಮೀ. ಒಳಗೆ ರೇಡಿಯೊ ತೆರೆದಿಟ್ಟ ಪ್ರತಿಯೊಂದು ಬೋಟಿಗೂ ಕೇಳುತ್ತದೆ. ಹಾಗಾಗಿ ಇಪ್ಪತ್ತು ಮೂವತ್ತು ಸಾವಿರದ ಫೋನ್ ಕೊಳ್ಳುವ ಮೊದಲು ರೇಡಿಯೊ ಕೊಳ್ಳಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಫೋನ್ ಎಷ್ಟು ದೂರ ಬರುತ್ತದೆ ಎನ್ನುವುದಕ್ಕೆ ಲೆಕ್ಕ ಇದೆ. ಟವರಿನ ಎತ್ತರದ ವರ್ಗಮೂಲ, ನಿಮ್ಮ ಫೋನಿನ ಎತ್ತರದ ವರ್ಗಮೂಲ, ಎರಡನ್ನೂ ಮೀಟರಿನಲ್ಲಿ ತೆಗೆದು ಕೂಡಿಸಿ 4.12ರಿಂದ ಗುಣಿಸಿ. 40 ಮೀಟರ್ ಟವರು, ನೀರಿನಿಂದ ಒಂದು ಮೀಟರ್ ಮೇಲೆ ಫೋನು, ಸುಮಾರು 30 ಕಿ.ಮೀ. ಇದು ಭೂಮಿಯ ಬಾಗು ಹಾಕಿದ ಗಡಿ. ನಿಜದಲ್ಲಿ ಅದಕ್ಕಿಂತ ಎಷ್ಟೋ ಮೊದಲೇ ಫೋನ್ ಸುಮ್ಮನಾಗುತ್ತದೆ. ಟವರಿನ ಆಂಟೆನಾಗಳು ಊರಿನ ಕಡೆಗೆ, ಹೆದ್ದಾರಿಯ ಕಡೆಗೆ ಮುಖ ಮಾಡಿರುತ್ತವೆ, ಸ್ವಲ್ಪ ಕೆಳಕ್ಕೂ ಬಾಗಿರುತ್ತವೆ. ಪಡುವಣಕ್ಕೆ ಚೆಲ್ಲಿ ಬರುವುದು ಉಳಿದದ್ದು. 2ಜಿಗೆ ಇನ್ನೊಂದು ಮಿತಿ ಇದೆ: ಸಿಗ್ನಲ್ ಹೋಗಿ ಬರುವ ಸಮಯವನ್ನು ಟವರು ಸುಮಾರು 550 ಮೀಟರಿನ 63 ಮೆಟ್ಟಿಲುಗಳಲ್ಲಿ ಅಳೆಯುತ್ತದೆ. 35 ಕಿ.ಮೀ. ದಾಟಿದರೆ ಪರದೆಯ ಮೇಲೆ ಕಡ್ಡಿ ಕಂಡರೂ ಕರೆ ಕೂಡುವುದಿಲ್ಲ.

ಈಗ ಎತ್ತರದ ವಿಷಯ. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದರೆ ಖರ್ಚಿಲ್ಲದೆ ಆಗುವ ಕೆಲಸ ಇದೊಂದೇ. ಟವರಿನಿಂದ ನೇರ ಬಂದ ಸಿಗ್ನಲಿನ ಅಲೆ, ಕಡಲ ನೀರಿಗೆ ತಾಗಿ ಮೇಲೆ ಚಿಮ್ಮಿದ ಸಿಗ್ನಲಿನ ಅಲೆ, ಎರಡೂ ಫೋನಿಗೆ ಬರುತ್ತವೆ. ಫೋನ್ ನೀರಿಗೆ ಹತ್ತಿರ ಇದ್ದಷ್ಟೂ ಅವು ಒಂದನ್ನೊಂದು ಅಳಿಸುತ್ತವೆ. ಒಂದು ಮೀಟರಿನಿಂದ ನಾಲ್ಕು ಮೀಟರಿಗೆ ಏರಿಸಿದರೆ ಲೆಕ್ಕದ ಪ್ರಕಾರ ಸಿಗ್ನಲಿನ ಬಲ ಹದಿನಾರು ಪಟ್ಟು ಆಗುತ್ತದೆ. ಅಲೆ ಎದ್ದ ಕಡಲಲ್ಲಿ ಅಷ್ಟು ಸಿಗಲಾರದು, ಆದರೂ ಕೈಯಲ್ಲಿ ಹಿಡಿದ ಫೋನಿಗೂ ಬಿದಿರಿನ ತುದಿಯ ಫೋನಿಗೂ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು ಇರುತ್ತದೆ.

ಹೀಗೆ ಮಾಡಿ. ಒಂದು ಹಳೆಯ 4ಜಿ ಫೋನಿಗೆ ಸಿಮ್ ಹಾಕಿ ಹಾಟ್‌ಸ್ಪಾಟ್ ತೆರೆಯಿರಿ. ಚಿಕ್ಕ ಪವರ್ ಬ್ಯಾಂಕ್ ಜೊತೆ ಬಿಳಿ ಬಣ್ಣದ ನೀರು ಹೋಗದ ಚೀಲದಲ್ಲಿಟ್ಟು ಬಿದಿರಿನ ತುದಿಗೆ ಕಟ್ಟಿ. ಕೆಳಗಿನ ಫೋನಿನಲ್ಲಿ ವೈಫೈ ಮೂಲಕ ವಾಟ್ಸ್‌ಆ್ಯಪ್ ಕರೆ, ಹವಾಮಾನ, ಎಲ್ಲ ನಡೆಯುತ್ತದೆ. ಚೀಲ ಕಪ್ಪಾಗಿದ್ದರೆ ಮಧ್ಯಾಹ್ನದ ಬಿಸಿಲಿಗೆ ಫೋನ್ ಕಾದು ತಾನೇ ಆಫ್ ಆಗುತ್ತದೆ, ಅದಕ್ಕೇ ಬಿಳಿ. ಅಂಗಡಿಯವರು ಆಂಟೆನಾ ಮೇಲಿಟ್ಟು ಹತ್ತು ಮೀಟರ್ ತೆಳು ಕೇಬಲ್ ಎಳೆಯುವ ಸಲಹೆ ಕೊಟ್ಟರೆ ಬೇಡ ಅನ್ನಿ. ಆರ್‌ಜಿ-58 ಎಂಬ ಆ ಕೇಬಲ್ 900 ಮೆಗಾಹರ್ಟ್ಸ್‌ನಲ್ಲಿ ಹತ್ತು ಮೀಟರಿಗೆ ಸುಮಾರು 5 ಡೆಸಿಬಲ್ ತಿನ್ನುತ್ತದೆ. ಮೇಲೆ ಹಿಡಿದದ್ದರಲ್ಲಿ ಮೂರನೇ ಎರಡು ಪಾಲು ದಾರಿಯಲ್ಲೇ ಹೋಯಿತು.

ಸಿಗ್ನಲ್ ಬೂಸ್ಟರನ್ನಂತೂ ಮುಟ್ಟಲೇಬೇಡಿ. ಟೆಲಿಕಾಂ ಕಂಪನಿಗಳನ್ನು ಬಿಟ್ಟು ಬೇರೆಯವರು ಅದನ್ನು ಹಾಕುವುದು ನಮ್ಮ ದೇಶದಲ್ಲಿ ಕಾನೂನುಬಾಹಿರ. ಕಾರಣವೂ ಸರಿಯಾದದ್ದೇ: ಸರಿಯಾಗಿ ಕೂರಿಸದ ಬೂಸ್ಟರು ತನ್ನ ಸದ್ದನ್ನೇ ತಾನು ಹಿಡಿದು ಊಳಿಡಲು ಶುರು ಮಾಡಿದರೆ ಆ ಟವರಿನ ಎಲ್ಲರ ಕರೆಗಳೂ ಕೆಡುತ್ತವೆ. ಗಲ್ಫಿನಲ್ಲಿರುವ ನೆಂಟರಿಂದ ತುರಾಯಾ ತರಿಸುವ ಯೋಚನೆಯೂ ಬೇಡ. ತುರಾಯಾ, ಇರಿಡಿಯಂ ಉಪಗ್ರಹ ಫೋನುಗಳನ್ನು ಅನುಮತಿ ಇಲ್ಲದೆ ಇಟ್ಟುಕೊಂಡರೆ ಕೇಸಾಗುತ್ತದೆ. ಬಿಎಸ್‌ಎನ್‌ಎಲ್ ಮೂಲಕ ಅನುಮತಿಯೊಂದಿಗೆ ಸಿಗುವ ಇನ್ಮಾರ್ಸಾಟ್ ಫೋನ್ ಇದೆ, ಆದರೆ ನಾಡದೋಣಿಯವರ ಜೇಬಿಗೆ ಅದು ಭಾರ.

ಬ್ಯಾಟರಿ. ನೆಟ್‌ವರ್ಕಿನ ಗಡಿಯಲ್ಲಿ ಫೋನ್ ಟವರನ್ನು ಹುಡುಕುತ್ತಾ ಪೂರ್ತಿ ಬಲದಲ್ಲಿ ಕೂಗುತ್ತಿರುತ್ತದೆ, ಅರ್ಧ ದಿನದಲ್ಲಿ ಖಾಲಿಯಾಗುವುದು ಅದಕ್ಕೇ. 5ಜಿ ಆಫ್ ಮಾಡಿ. ನೆಟ್‌ವರ್ಕ್ ಹೋದ ಮೇಲೆ ಏರ್‌ಪ್ಲೇನ್ ಮೋಡಿಗೆ ಹಾಕಿ, ಎರಡು ಗಂಟೆಗೊಮ್ಮೆ ಗೊತ್ತಾದ ಹೊತ್ತಿನಲ್ಲಿ ತೆರೆಯಿರಿ, ಮನೆಯವರಿಗೂ ಆ ಹೊತ್ತು ತಿಳಿದಿರಲಿ. ಡಬ್ಬಿಯ ಮೇಲೆ 20,000 ಎಂಎಎಚ್ ಎಂದು ಬರೆದ ಪವರ್ ಬ್ಯಾಂಕ್ 5 ವೋಲ್ಟಿಗೆ ಏರಿಸುವಾಗ ಆಗುವ ನಷ್ಟ ಕಳೆದು ಕೊಡುವುದು ಹನ್ನೆರಡು ಸಾವಿರದಷ್ಟು. ದೊಡ್ಡ ಬ್ಯಾಟರಿಯ ಫೋನನ್ನು ಎರಡೂವರೆ, ಹೆಚ್ಚೆಂದರೆ ಮೂರು ಸಲ ತುಂಬಿಸಬಹುದು, ನಾಲ್ಕು ಸಲ ಅಂತ ಲೆಕ್ಕ ಹಾಕಬೇಡಿ. ಒದ್ದೆಯಾದ ಫೋನನ್ನು ಚಾರ್ಜಿಗೆ ಹಾಕಿದರೆ ಉಪ್ಪುನೀರಿನಲ್ಲಿ ಕರೆಂಟು ಹರಿದು ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಫೋನಿಗೆ ನೀರು ಹೋಗದು ಎಂದು ಹೇಳುವ ಐಪಿ68 ಗುರುತು ಎಂದರೆ ಸಿಹಿನೀರಿನ ಪರೀಕ್ಷೆ, ಕಡಲಿನದ್ದಲ್ಲ. ಚೀಲವನ್ನೂ ಕೊಂಡ ದಿನವೇ ನಂಬಬೇಡಿ, ಒಳಗೆ ಒಣ ಕಾಗದ ಇಟ್ಟು ಬಕೆಟ್ ನೀರಲ್ಲಿ ಅರ್ಧ ಗಂಟೆ ಮುಳುಗಿಸಿ ನೋಡಿ.

ಅಂಚಿನಲ್ಲಿ ಕರೆ ಕೂಡದಿದ್ದರೂ ಎಸ್‌ಎಂಎಸ್ ಹೋಗುವ ಸಾಧ್ಯತೆ ಹೆಚ್ಚು. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ಹಾಗಾಗಿ ಸ್ಥಾನ ಯಾವಾಗಲೂ ಸಿಗುತ್ತದೆ. ಆದರೆ ಅದನ್ನು ಬರೆಯುವುದರಲ್ಲಿ ಆಗುವ ತಪ್ಪು ಜೀವ ತೆಗೆಯಬಹುದು. ಫೋನ್ 13.35 ಎಂದು ತೋರಿಸಿದರೆ ಅದು 13 ಡಿಗ್ರಿ 35 ಮಿನಿಟ್ ಅಲ್ಲ. ಚುಕ್ಕಿಯ ನಂತರದ್ದನ್ನು 60ರಿಂದ ಗುಣಿಸಬೇಕು: 13 ಡಿಗ್ರಿ 21 ಮಿನಿಟ್, ಮಲ್ಪೆಯ ನೇರ. ತಪ್ಪಿ 35 ಮಿನಿಟ್ ಎಂದು ಹೇಳಿದರೆ ಹುಡುಕುವವರು 26 ಕಿ.ಮೀ. ಬಡಗಿಗೆ ಹೋಗಿ ಹುಡುಕುತ್ತಾರೆ. ಫೋನಿನ ಸೆಟ್ಟಿಂಗನ್ನು ದಡದಲ್ಲೇ ಡಿಗ್ರಿ-ಮಿನಿಟಿಗೆ ಬದಲಿಸಿ. ಆಗದಿದ್ದರೆ "ಹದಿಮೂರು ಪಾಯಿಂಟ್ ಮೂರು ಐದು" ಎಂದು ಚುಕ್ಕಿ ಸಮೇತ ಹೇಳಿ.

ಇನ್ನು ರೇಡಿಯೊ. ಲೈಸೆನ್ಸ್ ಬೇಕು, ಮೊದಲು ಅದನ್ನು ಮಾಡಿಸಿ. ಕೈಯಲ್ಲಿ ಹಿಡಿಯುವುದು 5 ವಾಟ್, ದೋಣಿಗೆ ಕೂರಿಸುವುದು 25 ವಾಟ್. ಕೂರಿಸಿದ ರೇಡಿಯೊ "ಕೇಳುತ್ತದೆ, ಮಾತಾಡಲು ಹೋದರೆ ಆಫ್ ಆಗುತ್ತದೆ" ಎನ್ನುವ ದೂರಿಗೆ ಬಹುಪಾಲು ಕಾರಣ ತೆಳು ವಯರು. ಮಾತಾಡುವಾಗ ಅದು 5ರಿಂದ 6 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ 5 ಮೀಟರ್ ದೂರಕ್ಕೆ 1 ಚದರ ಮಿ.ಮೀ. ವಯರು ಎಳೆದರೆ ಹೋಗಿ ಬರುವ ದಾರಿಯಲ್ಲಿ ಒಂದು ವೋಲ್ಟ್ ಕಳೆಯುತ್ತದೆ, ಅರ್ಧ ಇಳಿದ ಬ್ಯಾಟರಿಗೆ ಅಷ್ಟು ಸಾಕು ರೇಡಿಯೊ ಕೈಕೊಡಲು. 4 ಚದರ ಮಿ.ಮೀ. ಹಾಕಿದರೆ ನಷ್ಟ ಕಾಲು ವೋಲ್ಟ್. ಆಂಟೆನಾದ ಜೋಡಣೆಗೆ ತನ್ನಲ್ಲೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ. ಒಳಗೆ ಉಪ್ಪುನೀರು ಒಮ್ಮೆ ಹೊಕ್ಕರೆ ತಾಮ್ರದ ಹೆಣಿಗೆ ಕಪ್ಪಾಗಿ ಕೇಬಲ್ ಉದ್ದಕ್ಕೂ ಕೆಡುತ್ತದೆ. ಹೊರಗಿನಿಂದ ಹೊಸತರ ಹಾಗೆಯೇ ಕಾಣುತ್ತದೆ, ಅದೇ ಅಪಾಯ. ಮಾತಾಡುವ ಬಟನ್ ಬಲೆಯ ಅಡಿ ಸಿಕ್ಕಿ ಒತ್ತಿಕೊಂಡೇ ಇದ್ದರೆ 16ನೇ ಚಾನೆಲ್ ಸುತ್ತಲಿನ ಎಲ್ಲರಿಗೂ ಮುಚ್ಚಿಹೋಗುತ್ತದೆ. ಮೈಕನ್ನು ಕೊಕ್ಕೆಗೆ ಸಿಕ್ಕಿಸುವುದನ್ನು ದೋಣಿಯ ಹುಡುಗರಿಗೂ ಕಲಿಸಿ. ಊರ ಹರಟೆಗೆ ಆ ಚಾನೆಲ್ ಬೇಡ.

ರೇಡಿಯೊವೂ ತಲುಪದ ಕಡೆ ಇಸ್ರೊ ರೂಪಿಸಿದ ಡ್ಯಾಟ್ ಇದೆ, ಆಪತ್ತಿನ ಸಂದೇಶವನ್ನು ಉಪಗ್ರಹದ ಮೂಲಕ ಕರಾವಳಿ ಕಾವಲು ಪಡೆಗೆ ಮುಟ್ಟಿಸುವ ಉಪಕರಣ. 2010ರಿಂದ ಬಳಕೆಯಲ್ಲಿದೆ. ಹಳೆಯದರಲ್ಲಿ ಸಂದೇಶ ಮುಟ್ಟಿತೋ ಇಲ್ಲವೋ ಒತ್ತಿದವರಿಗೆ ತಿಳಿಯುತ್ತಿರಲಿಲ್ಲ. 2024ರಲ್ಲಿ ಬಂದ ಎರಡನೇ ತಲೆಮಾರಿನದ್ದು "ಮುಟ್ಟಿದೆ" ಎಂದು ಮರು ಉತ್ತರ ಕೊಡುತ್ತದೆ. ನೀರಲ್ಲಿ ತೇಲುತ್ತಿರುವವರಿಗೆ ಆ ಒಂದು ಉತ್ತರ ಎಷ್ಟು ದೊಡ್ಡದು ಎಂದು ಯೋಚಿಸಿ. 2017ರ ಓಖಿ ಚಂಡಮಾರುತದ ಹೊತ್ತಿಗೆ ಕೇರಳ, ತಮಿಳುನಾಡಿನ ದೋಣಿಗಳು ಆಗಲೇ ಕಡಲಲ್ಲಿದ್ದವು, ಎಚ್ಚರಿಕೆ ಅವರನ್ನು ಮುಟ್ಟಲಿಲ್ಲ. ಅದಾದ ಮೇಲೆ 2019ರಲ್ಲಿ ಬಂದ ಜೆಮಿನಿ ಉಪಕರಣ ಉಪಗ್ರಹದಿಂದ ಎಚ್ಚರಿಕೆ ಪಡೆದು ಬ್ಲೂಟೂತ್‌ನಲ್ಲಿ ಫೋನಿಗೆ ಕೊಡುತ್ತದೆ, ಆದರೆ ಅದು ಕೇಳಿಸಿಕೊಳ್ಳುತ್ತದೆ ಅಷ್ಟೇ, ಮಾತಾಡುವುದಿಲ್ಲ. 2024ರ ಆಗಸ್ಟ್‌ನಲ್ಲಿ ಆರಂಭವಾದ ಕೇಂದ್ರದ ಯೋಜನೆಯಲ್ಲಿ ದೇಶದ 1 ಲಕ್ಷ ಮೀನುಗಾರಿಕೆ ದೋಣಿಗಳಿಗೆ ಎರಡೂ ಕಡೆ ಸಂದೇಶ ಕಳಿಸುವ ಟ್ರಾನ್ಸ್‌ಪಾಂಡರ್ ಕೊಡುವ ಗುರಿ ಇದೆ. ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ಕೇಳಿ. ಯಾಂತ್ರೀಕೃತ ಬೋಟುಗಳಿಗೆ ರಜೆಯಿರುವ ಜೂನ್, ಜುಲೈ ತಿಂಗಳಲ್ಲೂ ಕಡಲಿಗಿಳಿಯುವವು 10 ಅಶ್ವಶಕ್ತಿಯೊಳಗಿನ ನಾಡದೋಣಿಗಳು. ಮಳೆಗಾಲದ ಅಳಿವೆ ದಾಟುವ ಅವರಿಗೆ ಈ ಸೌಲಭ್ಯ ಮೊದಲು ಸಿಗಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಟವರುಗಳಿಗೆ ಕಡಲಿನ ಕಡೆ ಮುಖ ಮಾಡಿದ ಒಂದು ಆಂಟೆನಾ ಹಾಕಿ ಎಂದು ಕೇಳುವುದೂ ನಮ್ಮ ಹಕ್ಕು.

ದೋಣಿ ಮಾರಿದರೆ, ಕೊಂಡರೆ, ಉಪಕರಣದ ನೋಂದಣಿಯನ್ನೂ ಬದಲಿಸಿ. ಇಲ್ಲದಿದ್ದರೆ ಆಪತ್ತಿನ ಕರೆ ಹಳೆಯ ಮಾಲೀಕರ ಹೆಸರಲ್ಲಿ ಬಂದು ವಿಚಾರಣೆಯಲ್ಲೇ ಹೊತ್ತು ಹೋಗುತ್ತದೆ.

ಮನೆಯವರಿಗೆ ಒಂದು ಕೆಲಸ. ಬಾಗಿಲ ಹಿಂದೆ ಒಂದು ಕಾಗದ ಅಂಟಿಸಿ: ದೋಣಿಯ ಹೆಸರು, ನೋಂದಣಿ ಸಂಖ್ಯೆ, ಬಣ್ಣ, ಎಂಜಿನ್, ಇವತ್ತು ಹೋದವರು ಎಷ್ಟು ಮಂದಿ, ಯಾವ ದಿಕ್ಕಿಗೆ, ಎಷ್ಟು ಮಾರು ನೀರಿಗೆ, ವಾಪಸು ಎಷ್ಟು ಗಂಟೆಗೆ. ಕೊನೆಯ ಸಾಲಿನಲ್ಲಿ ಎರಡು ನಂಬರು: ಕರಾವಳಿ ಕಾವಲು ಪಡೆ 1554, ಕರಾವಳಿ ಕಾವಲು ಪೊಲೀಸ್ 1093. ಹೇಳಿದ ಹೊತ್ತು ಮೀರಿ ಎರಡು ಗಂಟೆಯಾಯಿತೆ, ಕತ್ತಲಾಗುವುದನ್ನು ಕಾಯಬೇಡಿ, ಕಾಗದ ಕೈಯಲ್ಲಿ ಹಿಡಿದು ಫೋನ್ ಮಾಡಿ.