ಇಲ್ಲಣ ಅಳೆಯುವ ಪೆಟ್ಟಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಹಳೇ ಮನೆಯ ಅಡುಗೆಕೋಣೆಯಲ್ಲಿ ತಲೆ ಎತ್ತಿದರೆ ತೊಲೆಗಳಿಂದ ಕಪ್ಪು ಎಳೆಗಳು ಜೋತಾಡುತ್ತಿದ್ದವು. ಇಲ್ಲಣ. ಹುತ್ತರಿ ಹಬ್ಬಕ್ಕೆ ಮುಂಚೆ ಬಿದಿರು ಗಳಕ್ಕೆ ಪೊರಕೆ ಕಟ್ಟಿ ಅದನ್ನು ಬಳಿಯುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಮುಗಿಯುವಷ್ಟರಲ್ಲಿ ಕಣ್ಣು, ಹಲ್ಲು ಬಿಟ್ಟರೆ ಉಳಿದದ್ದೆಲ್ಲ ಕಪ್ಪು.

ಆ ಇಲ್ಲಣದ ಹತ್ತಿರದ ನೆಂಟನನ್ನೇ ವಿಜ್ಞಾನಿಗಳು ಬ್ಲ್ಯಾಕ್ ಕಾರ್ಬನ್ ಅನ್ನುತ್ತಾರೆ, ಕಪ್ಪು ಇಂಗಾಲ. ಸೌದೆಯೋ ಡೀಸೆಲ್ಲೋ ಕಲ್ಲಿದ್ದಲೋ ಅರ್ಧಂಬರ್ಧ ಉರಿದಾಗ ಹುಟ್ಟುವ ಕಣ. ತೊಲೆಗೆ ಅಂಟಿದ್ದು ಪೊರಕೆಗೆ ಸಿಗುತ್ತದೆ. ಹೆಂಚಿನ ಸಂದಿಯಿಂದ ಆಚೆ ಹೋದದ್ದು? ಆ ಕಣಗಳು ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ, ಚಿಕ್ಕವು. ನಮ್ಮ ತಲೆಗೂದಲೇ 50-70 ಮೈಕ್ರಾನ್ ದಪ್ಪ. ಇಂಥದ್ದನ್ನು ಹಿಡಿದು ತೂಗುವುದು ಹೇಗೆ?

ತೂಗುವುದೇ ಇಲ್ಲ. ಎಷ್ಟು ಕಪ್ಪಾಯಿತು ಅಂತ ನೋಡುತ್ತಾರೆ, ಅಷ್ಟೇ.

ಅಜ್ಜಿ ಕಾಡಿಗೆ ಮಾಡುವುದನ್ನು ನೋಡಿದ್ದೀರಲ್ವಾ? ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಕವುಚಿಟ್ಟರೆ ಮಸಿ ಕೂರುತ್ತದೆ. ಈಥಲೋಮೀಟರ್ ಅನ್ನುವ ಯಂತ್ರದ ಕೆಲಸವೂ ಹೆಚ್ಚು ಕಡಿಮೆ ಅದೇ. ಹೆಸರು ಗ್ರೀಕ್ ಭಾಷೆಯದು, ಮಸಿ ಹಿಡಿಸು ಅಂತ ಅರ್ಥ. 1980ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಟೋನಿ ಹ್ಯಾನ್ಸನ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಒಳಗೆ ಬಿಳಿ ಫಿಲ್ಟರ್ ಟೇಪಿನ ಸುರುಳಿ. ಪಂಪು ನಿಮಿಷಕ್ಕೆ ಕೆಲವು ಲೀಟರ್ ಗಾಳಿಯನ್ನು ಅದರ ಮೂಲಕ ಎಳೆಯುತ್ತದೆ. ಟೇಪಿನ ಮೇಲೆ ಬಟ್ಟಿನಷ್ಟು ಬೂದು ಚುಕ್ಕೆ ಮೂಡುತ್ತದೆ. ಒಂದು ಕಡೆಯಿಂದ ಬೆಳಕು ಬಿಡುವುದು, ಇನ್ನೊಂದು ಕಡೆ ಎಷ್ಟು ದಾಟಿ ಬಂತು ಅಂತ ಅಳೆಯುವುದು. ಪಕ್ಕದ ಬಿಳಿ ಜಾಗದ ಜೊತೆ ಹೋಲಿಸುವುದು. ಚುಕ್ಕೆ ತೀರಾ ಕಪ್ಪಾದರೆ ಟೇಪು ತಾನೇ ಮುಂದೆ ಸರಿಯುತ್ತದೆ.

ಕಪ್ಪನ್ನು ತೂಕಕ್ಕೆ ತಿರುಗಿಸಲು ಒಂದು ಲೆಕ್ಕ ಬೇಕು. 880 ನ್ಯಾನೊಮೀಟರ್ ತರಂಗದ, ಅಂದರೆ ಕಣ್ಣಿಗೆ ಕಾಣದ ಅವಗೆಂಪು ಬೆಳಕಿಗೆ ಒಂದು ಗ್ರಾಂ ಮಸಿ ಸುಮಾರು 7.8 ಚದರ ಮೀಟರಿನಷ್ಟು ಅಡ್ಡ ನಿಲ್ಲುತ್ತದೆ ಅಂತ ಈಗಿನ ಯಂತ್ರಗಳಲ್ಲಿ ಹಿಡಿಯುತ್ತಾರೆ. ಒಂದು ಗ್ರಾಂ, ಒಂದು ಸಣ್ಣ ಕೋಣೆಯ ನೆಲದಷ್ಟು! ಆದರೆ ಇದು ಒಪ್ಪಿಕೊಂಡ ಲೆಕ್ಕ. ಮಸಿಯ ಮೇಲೆ ಬೇರೆ ಅಂಟು ಕೂತರೆ ಬದಲಾಗುತ್ತದೆ. ಪತ್ರಿಕೆಯಲ್ಲಿ ಘನ ಮೀಟರಿಗೆ ಇಷ್ಟು ಮೈಕ್ರೊಗ್ರಾಂ ಅಂತ ಓದಿದಾಗ ಇದು ನೆನಪಿರಲಿ.

ನಾನೂ ಸುಮ್ನೆ ಇರಲಿಲ್ಲ. ಫೆಬ್ರವರಿಯ ಒಂದು ಸಂಜೆ ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಕಾಫಿ ಸೋಸುವ ಬಿಳಿ ಕಾಗದ ಕಟ್ಟಿ, ಬಚ್ಚಲ ಒಲೆಯ ಹೊರಗೆ ಇಪ್ಪತ್ತು ನಿಮಿಷ ಓಡಿಸಿದೆ. ಕಾಗದದ ನಡುವೆ ಗುಂಡಗೆ ಬೂದು ಕಲೆ. ಅಂಚಿನಲ್ಲಿ ತೆಳ್ಳಗೆ ಕಂದು. ಬಹಳ ಖುಷಿಯಾಯಿತು. ಅದೇ ಆಟವನ್ನು ಜುಲೈಯಲ್ಲಿ ಆಡಿದೆ. ಕಾಗದ ಒದ್ದೆಯಾಗಿ, ಟಾರ್ಚ್ ಹಿಡಿದರೆ ಬೆಳಕು ಜಾಸ್ತಿಯೇ ದಾಟಿತು. ನೆನೆದ ಕಾಗದ ಹಾಗೇ ತಾನೆ. ನಿಜವಾದ ಯಂತ್ರಕ್ಕೂ ತೇವದ ಕಾಟವುಂಟು. ಅದಕ್ಕೇ ಗಾಳಿಯನ್ನು ಒಣಗಿಸಿ ಒಳಗೆ ಬಿಡುತ್ತಾರೆ.

ಆ ಕಂದು ಅಂಚು ಮುಖ್ಯ. ಯಂತ್ರ ಒಂದೇ ಬೆಳಕು ಬಿಡುವುದಿಲ್ಲ, 370ರಿಂದ 950 ನ್ಯಾನೊಮೀಟರಿನವರೆಗೆ, ಅಂದರೆ ನೇರಳಾತೀತದಿಂದ ಅವಗೆಂಪಿನವರೆಗೆ, ಏಳು ಬಗೆ ಬಿಡುತ್ತದೆ. ಡೀಸೆಲ್ ಮಸಿ ಎಲ್ಲವನ್ನೂ ನುಂಗುತ್ತದೆ. ಸೌದೆ ಹೊಗೆಯಲ್ಲಿ ಮಸಿಯ ಜೊತೆ ಡಿಕಾಕ್ಷನ್ ಬಣ್ಣದ ಪದಾರ್ಥವೂ ಇರುವುದರಿಂದ, ಅದು 370ರ ಕಡೆಯ ಬೆಳಕನ್ನು ಇನ್ನೂ ಹೆಚ್ಚು ನುಂಗುತ್ತದೆ. ಆ ವ್ಯತ್ಯಾಸದಿಂದ ಯಾವುದರ ಹೊಗೆ ಅಂತ ಅಂದಾಜು ಮಾಡಬಹುದು. ಕೊಡಗಿನಲ್ಲಿ ಇದು ಬೇಕಾದ ಮಾತು. ಕಾಫಿ ಹೂ ಅರಳಿಸಲು ಸ್ಪ್ರಿಂಕ್ಲರಿನ ಡೀಸೆಲ್ ಪಂಪುಗಳು ರಾತ್ರಿಯೆಲ್ಲ ಗುಡುಗುವ ದಿನಗಳಲ್ಲೇ ಅಲ್ಲಲ್ಲಿ ಕಾಡಿಗೂ ಬೆಂಕಿ ಬೀಳುತ್ತದೆ, ತೋಟದ ಕೆಲಸಗಾರರ ಲೈನುಮನೆಗಳಲ್ಲಿ ಸೌದೆಯೂ ಉರಿಯುತ್ತದೆ. ಯಾರ ಪಾಲು ಎಷ್ಟು ಅಂತ ಮೂಗಿಗೆ ಗೊತ್ತಾಗುವುದಿಲ್ಲ.

ಚಳಿಗಾಲದ ಸಂಜೆ ಗದ್ದೆಯ ಬಯಲನ್ನು ನೋಡಿ. ಒಲೆಯಿಂದ ಎದ್ದ ಹೊಗೆ ಸ್ವಲ್ಪ ಮೇಲೇರಿ, ಅಲ್ಲೇ ಹಾಸಿದ ಹಾಗೆ ಮಲಗುತ್ತದೆ. ತಗ್ಗಿನಲ್ಲಿ ತಣ್ಣನೆ ಗಾಳಿ ನಿಂತು, ಮೇಲಿನ ಬೆಚ್ಚನೆ ಗಾಳಿ ಮುಚ್ಚಳ ಹಾಕಿರುತ್ತದೆ. ಅಂಥ ಜಾಗದಲ್ಲಿ ಯಂತ್ರ ಇಟ್ಟರೆ ಸಂಜೆಗೊಮ್ಮೆ, ಬೆಳಿಗ್ಗೆಗೊಮ್ಮೆ ಅಂಕಿ ಏರುತ್ತದೆ. ಮಧ್ಯಾಹ್ನ ಇಳಿಯುತ್ತದೆ. ಹೊಗೆ ಏಳುವುದು ನಿಂತಿದ್ದರಿಂದಲ್ಲ, ಬಿಸಿಲಿಗೆ ಮುಚ್ಚಳ ತೆರೆದು ಹೊಗೆ ಮೇಲಕ್ಕೆ ಹಂಚಿಹೋಗಿದ್ದರಿಂದ. ಮಡಿಕೇರಿಯ ರಾಜಾಸೀಟಿನಲ್ಲಿ ನಿಂತು ಮಂಜು ಅಂತ ಫೋಟೋ ಹೊಡೆಯುವವರಿಗೆ ನಾನು ಏನೂ ಹೇಳುವುದಿಲ್ಲ. ಆದರೆ ಹತ್ತು ಗಂಟೆ ಬಿಸಿಲಿನಲ್ಲೂ ದೂರದ ಬೆಟ್ಟದ ಸಾಲು ಮಾಸಲಾಗಿದ್ದರೆ ಅದು ಬರೀ ಮಂಜಲ್ಲ.

ಎಲ್ಲಾ ನಮ್ಮೂರಿನದೇ ಅಂತಲೂ ಅಲ್ಲ. ಚಳಿಗಾಲದಲ್ಲಿ ಗಾಳಿ ಒಳನಾಡಿನಿಂದ ಕಡಲಿನ ಕಡೆ ಬೀಸುತ್ತದೆ. 1999ರಲ್ಲಿ ಇಂಡೊಎಕ್ಸ್ ಅನ್ನುವ, ಹಲವು ದೇಶಗಳ ವಿಜ್ಞಾನಿಗಳು ಸೇರಿ ನಡೆಸಿದ ಅಧ್ಯಯನದ ಹಡಗು, ವಿಮಾನಗಳು ಹಿಂದೂ ಮಹಾಸಾಗರದ ಮೇಲೂ ಇಂಥ ಹೊಗೆಯ ಕಂದು ಮುಸುಕನ್ನು ಕಂಡವು. ಈಗ ಇಸ್ರೋ ದೇಶದ ಬೇರೆ ಬೇರೆ ಕಡೆ ಇಂಥ ಯಂತ್ರಗಳ ಜಾಲವನ್ನೇ ನಡೆಸುತ್ತಿದೆ. ಕಪ್ಪು ಇಂಗಾಲ ಗಾಳಿಯಲ್ಲಿ ಇರುವುದು ಸರಾಸರಿ ಒಂದು ವಾರದ ಆಸುಪಾಸು. ಕಾರ್ಬನ್ ಡೈಆಕ್ಸೈಡಿನ ಹಾಗೆ ತಲೆಮಾರುಗಟ್ಟಲೆ ಕೂರುವ ಜಾತಿ ಅಲ್ಲ. ನಮ್ಮ ಜೂನಿನ ಮಳೆ ಹಿಡಿಯಿತೆಂದರೆ ತೊಳೆದುಬಿಡುತ್ತದೆ.

ಫೆಬ್ರವರಿಯ ಆ ಕಾಗದ ಇನ್ನೂ ನನ್ನ ಡೈರಿಯಲ್ಲಿದೆ. ಅದನ್ನು ನೋಡಿದ ಮನೆಯವರು ಬಚ್ಚಲಿಗೆ ಸೋಲಾರ್ ಹಾಕಿಸೋಣ ಅಂದರು. ಹಂಡೆ ನೀರಿನ ಹೊಗೆ ವಾಸನೆ ಇಲ್ಲದೆ ಸ್ನಾನ ಮಾಡಿದ ಹಾಗೇ ಆಗುವುದಿಲ್ಲ ಅಂತ ನಾನು. ಇನ್ನೂ ಇತ್ಯರ್ಥವಾಗಿಲ್ಲ.

ನಮಸ್ಕಾರ.