ಯಮನಿಲ್ಲದ ನರಕ

ಕೇಳುಗರಿಗೆ ನಮಸ್ಕಾರ.

ನರಕ ಅಂದ ಕೂಡಲೇ ಕಣ್ಣ ಮುಂದೆ ಏನು ಬರುತ್ತದೆ? ಕುದಿಯುವ ಎಣ್ಣೆಯ ಕೊಪ್ಪರಿಗೆ, ಯಮನ ಭಟರು, ಲೆಕ್ಕದ ಪುಸ್ತಕ ಹಿಡಿದು ಕೂತ ಚಿತ್ರಗುಪ್ತ. ಅಲ್ವಾ? ಇವತ್ತಿನ ಮಾತು ಬೈಬಲಿನ ನರಕದ್ದು. ಕನ್ನಡದ ಇಡೀ ಬೈಬಲ್ ಮೊದಲು ಅಚ್ಚಾಗಿದ್ದು ಬಳ್ಳಾರಿಯಲ್ಲಿ, 1831ರಲ್ಲಿ. ಇವತ್ತು ನಾವು ಓದುವ ಕನ್ನಡ ಬೈಬಲಿನಲ್ಲೂ ಇರುವುದು ನರಕ ಅನ್ನುವ ಪದವೇ. ಪದದ ಹಿಂದೆಯೇ ಯಮನೂ ಕೋಣ ಏರಿ ಬಂದುಬಿಟ್ಟ! ಕ್ಯಾಥೊಲಿಕರ ಕೊಂಕಣಿಯಲ್ಲಂತೂ ನರಕಕ್ಕೆ ಯೆಮ್ಕೊಂಡ್ ಎಂದೇ ಹೆಸರು.

ಆದರೆ ಎರಡೂ ಒಂದೇ ಅಲ್ಲ. ನಮ್ಮ ಪುರಾಣಗಳ ನರಕದಲ್ಲಿ ಶಿಕ್ಷೆ ಮುಗಿದರೆ ಬಿಡುಗಡೆ ಉಂಟು, ಮತ್ತೆ ಹುಟ್ಟೂ ಉಂಟು. ಹೆಚ್ಚಿನ ಕ್ರೈಸ್ತ ಸಭೆಗಳು ಕಲಿಸುತ್ತ ಬಂದ ನರಕಕ್ಕೆ ಬಿಡುಗಡೆಯ ತಾರೀಖೇ ಇಲ್ಲ.

ನರಕಕ್ಕೆ ಯೇಸು ಬಳಸಿದ ಪದ ಗೆಹೆನ್ನ. ಅದು ಭೂಮಿಯ ಕೆಳಗಿನ ಲೋಕದ ಹೆಸರಲ್ಲ. ಯೆರೂಸಲೇಮಿನ ಗೋಡೆಗೆ ತಾಗಿದಂತಿರುವ ಹಿನ್ನೋಮ್ ಕಣಿವೆಯ ಹೆಸರು. ಆಹಾಜ, ಮನಸ್ಸೆ ಎಂಬ ರಾಜರು ಅಲ್ಲಿ ಹೆತ್ತ ಮಕ್ಕಳನ್ನೇ ಬೆಂಕಿಗೆ ಕೊಟ್ಟರು ಎಂದು ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆ ಹೇಳುತ್ತದೆ. ಆಮೇಲೆ ಬಂದ ಯೋಷೀಯ ರಾಜ ಆ ಜಾಗವನ್ನು ಹೊಲೆಮಾಡಿ, ಇನ್ನು ಯಾರೂ ಹಾಗೆ ಮಾಡದಂತೆ ತಡೆದ. ಇನ್ನು ಮೇಲೆ ಇದು ಸಂಹಾರದ ಕಣಿವೆ ಎಂದು ಪ್ರವಾದಿ ಯೆರೆಮೀಯ ಗುಡುಗಿದ. ಯೇಸು ಗೆಹೆನ್ನ ಎಂದಾಗ ಕೇಳುವವರಿಗೆ ಈ ಕಥೆಯೆಲ್ಲ ಗೊತ್ತಿತ್ತು. ಊರಾಚೆಯ ಮಸಣದ ಹೆಸರು ಹೇಳಿದರೆ ನಮಗೆ ಮೈ ಜುಮ್ಮೆನ್ನುವುದಿಲ್ಲವೇ, ಹಾಗೆ.

ಆ ಕಣಿವೆ ಊರಿನ ಕಸ ಸುಡುವ ತಿಪ್ಪೆಯಾಗಿತ್ತು, ಅದಕ್ಕೇ ನರಕವನ್ನು ಆರದ ಬೆಂಕಿ ಎನ್ನುತ್ತಾರೆ ಎಂದು ಚರ್ಚಿನ ಪ್ರಸಂಗಗಳಲ್ಲಿ ನೀವು ಕೇಳಿರಬಹುದು. ಕೇಳಲು ಚೆನ್ನಾಗಿದೆ. ಆದರೆ ಈ ಮಾತು ಬರಹದಲ್ಲಿ ಸಿಗುವುದು ಯೇಸುವಿನ ಕಾಲಕ್ಕೆ ಸಾವಿರಕ್ಕೂ ಜಾಸ್ತಿ ವರ್ಷ ಆದ ಮೇಲೆ. ಮಕ್ಕಳ ಚಿತೆಯ ನೆನಪು ಸಾಕು, ಕಸದ ಬೆಂಕಿ ಯಾಕೆ ಬೇಕು? ಇವತ್ತು ಅಲ್ಲಿ ಹುಲ್ಲು ಬೆಳೆದಿದೆ, ಜನ ಓಡಾಡುತ್ತಾರೆ.

ಹಳೆಯ ಒಡಂಬಡಿಕೆಯಲ್ಲಿ ಇನ್ನೊಂದು ಪದ ಇದೆ, ಷಿಯೋಲ್. ಕನ್ನಡದಲ್ಲಿ ಅದು ಪಾತಾಳ. ಅಲ್ಲಿಗೆ ಹೋಗುವುದು ಕೆಟ್ಟವರು ಮಾತ್ರ ಅಲ್ಲ. ಮಗ ಯೋಸೇಫ ಸತ್ತನೆಂದು ನಂಬಿದ ಯಾಕೋಬ, ನಾನೂ ಅಳುತ್ತಾ ಅವನಿದ್ದ ಷಿಯೋಲಿಗೇ ಇಳಿದುಹೋಗುತ್ತೇನೆ ಎನ್ನುತ್ತಾನೆ. ಅದು ಅಪ್ಪನ ಸಂಕಟ, ಶಿಕ್ಷೆಯ ಮಾತಲ್ಲ.

ಆತ್ಮದ ವಿಷಯವೂ ಸ್ವಲ್ಪ ಹೀಗೆಯೇ. ಹೀಬ್ರೂವಿನ ನೆಫೆಷ್ ಪದಕ್ಕೆ ಗಂಟಲು, ಉಸಿರು, ಜೀವ ಎಂಬ ಅರ್ಥಗಳಿವೆ. ದೇವರು ಮಣ್ಣಿನ ಮನುಷ್ಯನ ಮೂಗಿಗೆ ಉಸಿರೂದಿದ, ಅವನು ಜೀವಂತ ನೆಫೆಷ್ ಆದ. ನಮ್ಮಲ್ಲಿ ಪ್ರಾಣ ಇದ್ದದ್ದು ಪ್ರಾಣಿ ಆದ ಹಾಗೆ. ಸಾಯದ ಆತ್ಮ ಅನ್ನುವ ಮಾತು ಗಟ್ಟಿಯಾಗಲು ಗ್ರೀಕರ ಸಹವಾಸವೂ ಕಾರಣ. ಅದಕ್ಕೇ ಇವತ್ತಿಗೂ ಕ್ರೈಸ್ತರಲ್ಲಿ ಒಮ್ಮತವಿಲ್ಲ. ನರಕದ ನೋವು ಎಂದೆಂದಿಗೂ ಎಂದ ಹಳೆಯ ಕಾಲದ ಕ್ರೈಸ್ತ ಪಂಡಿತ ಅಗಸ್ಟೀನ್. ಕೊನೆಗೆ ಎಲ್ಲರೂ ದೇವರ ಬಳಿ ಮರಳಬಹುದು ಎಂದು ಆಸೆಪಟ್ಟ ಅಂಥದೇ ಇನ್ನೊಬ್ಬ ಪಂಡಿತ ಓರಿಜನ್. ದುಷ್ಟರು ಸುಟ್ಟು ಇಲ್ಲವಾಗುತ್ತಾರೆ, ಅಷ್ಟೇ ಎನ್ನುತ್ತಾರೆ ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಗಡದವರು. 1999ರಲ್ಲಿ ಪೋಪ್ ಎರಡನೇ ಜಾನ್ ಪಾಲ್, ನರಕವನ್ನು ಒಂದು ಜಾಗ ಅನ್ನುವುದಕ್ಕಿಂತ ತಾವಾಗಿಯೇ ದೇವರನ್ನು ಬಿಟ್ಟು ಹೋದವರ ಸ್ಥಿತಿ ಅನ್ನಬೇಕು ಎಂದರು.

ಸರಿ, ಸೈತಾನ? ಅವನು ನರಕದ ಯಜಮಾನ ಅಂದುಕೊಂಡಿದ್ದೇವೆ. ಇದೂ ಯಮನ ಪ್ರಭಾವವೇ ಇರಬೇಕು. ಯಮ ಧರ್ಮದ ಅಧಿಕಾರಿ, ಶಿಕ್ಷೆ ಕೊಡುವುದು ಅವನ ಕೆಲಸ. ಆದರೆ ಬೈಬಲಿನ ಮತ್ತಾಯನ ಸುವಾರ್ತೆಯ ಪ್ರಕಾರ ನರಕದ ಬೆಂಕಿ ಸಿದ್ಧವಾಗಿರುವುದೇ ಸೈತಾನನಿಗೂ ಅವನ ದೂತರಿಗೂ. ಅಂದರೆ ಅವನು ಜೈಲರ್ ಅಲ್ಲ, ಕೈದಿ. ಬೈಬಲಿನ ಕೊನೆಗೆ ಬರುವ ಪ್ರಕಟನೆಯ ಪುಸ್ತಕದಲ್ಲಿ ದೇವದೂತ ಮೀಕಾಯೇಲನ ಕೈಯಲ್ಲಿ ಸೋತು ಕೆಳಗೆ ಬೀಳುವ ಘಟಸರ್ಪವೂ ಅವನೇ.

ಲೂಸಿಫರ್ ಅನ್ನುವ ಹೆಸರು ಮಾತ್ರ ಸುಮ್ನೆ ಅವನ ತಲೆಗೆ ಕಟ್ಟಿದ್ದು. ಯೆಶಾಯನ ಪುಸ್ತಕದ 14ನೇ ಅಧ್ಯಾಯ ಬಾಬೆಲಿನ ರಾಜನನ್ನು ಹಂಗಿಸುತ್ತದೆ: ಬೆಳಗಿನ ಚುಕ್ಕಿಯೇ, ಆಕಾಶದಿಂದ ಹೇಗೆ ಬಿದ್ದೆ! ನಮ್ಮ ಹಳ್ಳಿಯವರು ಬೆಳ್ಳಿ ಮೂಡಿತು ಅನ್ನುತ್ತಾರಲ್ಲ, ಅದೇ ಬೆಳ್ಳಿ. ಬೈಬಲನ್ನು ಅನುವಾದಿಸಿದ ಜೆರೋಮ್ ಇದನ್ನು ಲ್ಯಾಟಿನ್‌ಗೆ ತಂದಾಗ ಲೂಸಿಫರ್ ಎಂದು ಬರೆದ. ಬೆಳಕು ತರುವವನು ಎಂದರ್ಥ. ಓದಿದವರು ಆ ರಾಜನ ಹಿಂದೆ ಸೈತಾನನನ್ನು ಕಂಡರು, ಹೆಸರು ಅವನಿಗೇ ಅಂಟಿತು. ಅದಕ್ಕೂ ಮುಂಚೆ, ನಾಲ್ಕನೇ ಶತಮಾನದಲ್ಲಿ, ಸಾರ್ಡಿನಿಯಾ ದ್ವೀಪದ ಬಿಷಪ್ ಒಬ್ಬರ ಹೆಸರೇ ಲೂಸಿಫರ್. ಈಸ್ಟರ್ ಹಿಂದಿನ ರಾತ್ರಿ ದೊಡ್ಡ ಮೇಣದಬತ್ತಿ ಹಚ್ಚಿ ಹಾಡುವ ಲ್ಯಾಟಿನ್ ಸ್ತುತಿಯಲ್ಲಿ ಇವತ್ತಿಗೂ ಲೂಸಿಫರ್ ಅನ್ನುವ ಪದ ಬರುತ್ತದೆ. ಅಲ್ಲಿ ಅದು ಕ್ರಿಸ್ತನ ಹೆಸರು, ಎಂದೂ ಮುಳುಗದ ಬೆಳ್ಳಿ.